ಫೋನ್ ನಂಬರ್ ನಂಬರೇ ಅಲ್ಲ!

ಫೋನ್ ನಂಬರುಗಳನ್ನ ಯಾವತ್ತಾದ್ರೂ ಕೂಡಿಸಿದ್ದೀರಾ? ಕಳೆದಿದ್ದೀರಾ? ಇಲ್ಲ ತಾನೆ? ಹಾಗಾದ್ರೆ ಅದು ನಂಬರ್ ಹೇಗಾಯ್ತು? ಅದೂ ಒಂದು ಹೆಸರೇ, ಅಂಕಿಗಳಲ್ಲಿ ಬರೆದಿರ್ತೀವಿ ಅಷ್ಟೆ.

ಈ ಮಾತು ಯಾಕಪ್ಪಾ ಅಂದ್ರೆ, ನನ್ನ ಕೆಲಸವೇ ಕರೆಗಳ ಲೆಕ್ಕ ಕಾಯೋದು. ಆಸ್ಟರಿಸ್ಕ್ ಅಂತ ಒಂದು ಮುಕ್ತ ತಂತ್ರಾಂಶ ಇದೆ, 1999ರಲ್ಲಿ ಮಾರ್ಕ್ ಸ್ಪೆನ್ಸರ್ ಶುರು ಮಾಡಿದ್ದು. ಅದನ್ನ ಹಾಕಿದ್ರೆ ಮಾಮೂಲಿ ಕಂಪ್ಯೂಟರೇ ಆಫೀಸಿನ ಟೆಲಿಫೋನ್ ಎಕ್ಸ್‌ಚೇಂಜ್ ಆಗುತ್ತೆ. ಪ್ರತಿ ಕರೆ ಮುಗಿದಾಗ ಒಂದು ಸಾಲು ಬರೆದಿಡುತ್ತೆ: ಯಾರು, ಯಾರಿಗೆ, ಯಾವಾಗ, ಎಷ್ಟು ಸೆಕೆಂಡು, ಎತ್ತಿದ್ರಾ ಇಲ್ವಾ. ಇದಕ್ಕೆ ಸಿಡಿಆರ್ ಅಂತಾರೆ. ಸಾದಾ ಸಿಎಸ್‌ವಿ ಫೈಲಿನಲ್ಲಿಡಬಹುದು, ಇಲ್ಲಾ ಯಾವುದಾದ್ರೂ ಡೇಟಾಬೇಸಿನಲ್ಲಿ.

ಮಜಾ ಇರೋದು ಇಲ್ಲೇ. ಟೇಬಲ್ ಮಾಡುವಾಗ ಫೋನ್ ನಂಬರಿನ ಕಾಲಮ್ಮನ್ನ 'ಇಂಟಿಜರ್' ಅಂತ ಇಟ್ಟು, 080 ಸೇರಿಸಿ ಬೆಂಗಳೂರಿನ ಒಂದು ನಂಬರ್ ತುಂಬಿಸಿ ನೋಡಿ. ಎಸ್‌ಕ್ಯೂಲೈಟ್ ಮುಂದಿನ ಸೊನ್ನೆ ನುಂಗುತ್ತೆ. ಪೋಸ್ಟ್‌ಗ್ರೆಸ್ 'ಇದು ಹಿಡಿಸಲ್ಲ' ಅಂತ ವಾಪಸ್ ಕಳಿಸುತ್ತೆ. ಹಳೇ ಮೈಎಸ್‌ಕ್ಯೂಎಲ್ ಮಾತ್ರ ಮಹಾ ಸೌಮ್ಯ! ಒಂದು ಎಚ್ಚರಿಕೆ ಗೊಣಗಿ, ಆ ಕಾಲಮ್ಮಿನಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ 2147483647 ಅಂತ ಬರೆದು ಸುಮ್ಮನಾಗುತ್ತೆ. ಹತ್ತಂಕಿಯ ನಮ್ಮ ಮೊಬೈಲ್ ನಂಬರುಗಳಿಗೂ ಇದೇ ಗತಿ. (2015ರಲ್ಲಿ ಬಂದ 5.7ರಿಂದ ಅದೂ ಕಟ್ಟುನಿಟ್ಟಾಗಿದೆ.)

ನಾನು ಹೋಗಿದ್ದ ಒಂದು ಸಹಾಯವಾಣಿಯಲ್ಲಿ ಯಾರೋ ಹಿಂದೆ ಹೀಗೇ ಮಾಡಿಟ್ಟಿದ್ರು, ಸಿಎಸ್‌ವಿ ಬರೆಯೋದನ್ನೂ ನಿಲ್ಲಿಸಿದ್ರು. ರಾತ್ರಿ ಯಾರೂ ಎತ್ತದ ಕರೆಗಳಿಗೆ ಬೆಳಿಗ್ಗೆ ವಾಪಸ್ ಮಾಡೋದು ಅಲ್ಲಿನ ಪದ್ಧತಿ. ಪಟ್ಟಿ ತೆಗೆದ್ರೆ ಸಾಲು ಸಾಲು 2147483647... ಒಬ್ಬರೇ ಒಂಬತ್ತು ಸಲ ಮಾಡಿದ್ರೋ, ಒಂಬತ್ತು ಜನ ಒಂದೊಂದು ಸಲವೋ? ಬ್ಯಾಕಪ್ ಇತ್ತು, ಆದ್ರೆ ಬರೆದೇ ಇಲ್ಲದ್ದನ್ನ ಬ್ಯಾಕಪ್ ಎಲ್ಲಿಂದ ತರುತ್ತೆ? ಸಮಯ ಇತ್ತು, ಮನುಷ್ಯರೇ ಇರಲಿಲ್ಲ. ಮನಸ್ಸು ಪಿಚ್ಚೆನಿಸಿತು.

ಆಸ್ಟರಿಸ್ಕಿನ ಮಾದರಿ ಟೇಬಲ್ಲಿನಲ್ಲಿ ಕರೆದವರ ನಂಬರಿಗೆ 80 ಅಕ್ಷರಗಳ ಜಾಗ ಇದೆ, ಅಕ್ಷರಗಳು, ಅಂಕಿಗಳಲ್ಲ. ಲೆಕ್ಕ ಹಾಕೋದು ಸೆಕೆಂಡುಗಳನ್ನ ಮಾತ್ರ.

ಡೇಟಾಬೇಸ್ ಆರಿಸುವಾಗ ಎಲ್ಲರೂ ವೇಗ ಕೇಳ್ತಾರೆ. ನಾನು ಕೇಳೋದು, 'ಹಿಡಿಸದ್ದನ್ನ ಕೊಟ್ರೆ ಏನ್ಮಾಡ್ತೀಯಪ್ಪಾ?' ಅಂತ. ಕೂಗಾಡೋದೇ ವಾಸಿ, ಮೊದಲನೇ ದಿನವೇ ಗೊತ್ತಾಗುತ್ತೆ. ಜೊತೆಗೊಂದು ಸಿಎಸ್‌ವಿಯೂ ಇರಲಿ. ಅದನ್ನ ಎಕ್ಸೆಲ್‌ನಲ್ಲಿ ಹಾಗೇ ತೆರೀಬೇಡಿ ಮತ್ತೆ, ಅದಕ್ಕೂ ಸೊನ್ನೆ ಅಂದ್ರೆ ಇಷ್ಟ :-)