ಕಂಪ್ಲಿಯಿಂದ ಹೊಸಪೇಟೆಗೆ: ಒಂದು ಸಂಸಾರದ ಲೆಕ್ಕ

ಹೊಸ ಊರಿಗೆ ಸಂಸಾರ ಸಾಗಿಸುವ ಮುನ್ನ ಅಲ್ಲಿಯ ಖರ್ಚುವೆಚ್ಚವನ್ನು ಅರಿತುಕೊಳ್ಳುವುದು ಗೃಹಸ್ಥರಾದವರ ಕರ್ತವ್ಯ. ಮೂರು ತಲೆಮಾರುಗಳಿಂದ ಕಂಪ್ಲಿಯ ಸ್ವಂತ ಮನೆಯಲ್ಲಿ ಬಾಳಿದ ನಮಗೆ ಈ ಕರ್ತವ್ಯ ಒದಗಿದ್ದು ಈ ವರ್ಷ. ಮಗನಿಗೆ ಸಂಡೂರಿನ ಗಣಿ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ ದೊರೆಯಿತು. ಮೊಮ್ಮಗಳು ಹೊಸಪೇಟೆಯ ಕಾಲೇಜು ಸೇರಬೇಕಾಗಿದೆ. ಮಗ ಸಂಡೂರು ಎಂದನು, ಸೊಸೆ ಹೊಸಪೇಟೆ ಎಂದಳು. ತೊಂಬತ್ತನ್ನು ಸಮೀಪಿಸಿರುವ ನಮ್ಮ ಅವ್ವ ಏನನ್ನೂ ಹೇಳಲಿಲ್ಲ. ಶಿವರಾತ್ರಿ ಕಳೆದ ವಾರ ನಾವು ದಂಪತಿಗಳು ಒಂದು ನೋಟುಪುಸ್ತಕ ಹಿಡಿದು, ಎರಡೂ ಊರುಗಳನ್ನು ಕಣ್ಣಾರೆ ಕಂಡು ಬರಲು ಹೊರಟೆವು.

ಮೊದಲ ಪುಟದಲ್ಲಿ ಕಂಪ್ಲಿಯ ಲೆಕ್ಕವನ್ನೇ ಬರೆದೆವು. ಇಲ್ಲಿ ಬಾಡಿಗೆಯಿಲ್ಲ. ಕಾಲುವೆ ನೀರಿನ ಎರಡು ಎಕರೆ ಗದ್ದೆಯಿಂದ ವರ್ಷದ ಸೋನಾ ಮಸೂರಿ ಅಕ್ಕಿ ಬರುತ್ತದೆ. ಹಿತ್ತಲಲ್ಲಿ ನುಗ್ಗೆ, ಕರಿಬೇವು, ನಿಂಬೆ, ಒಂದು ಬಿಲ್ವದ ಮರ. ಹಾಗೆಂದು ಅಕ್ಕಿ ಪುಕ್ಕಟೆಯೆಂದು ಬರೆದರೆ ತಪ್ಪಾದೀತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ, ಎರಡೇ ಎಕರೆಯ ಒಡೆಯರಾದ ನಾವೂ ನಿದ್ದೆಗೆಟ್ಟೆವು. ದೊಡ್ಡ ಕಾಯಿಲೆ ಬಂದರೆ ಬಳ್ಳಾರಿಗೋ ಹೊಸಪೇಟೆಗೋ ಓಡಬೇಕು. ಆ ಬಾಡಿಗೆ ಕಾರಿನ ಹಣವನ್ನೂ ಕಂಪ್ಲಿಯ ಖರ್ಚಿಗೇ ಸೇರಿಸಿದೆವು.

ಬುಕ್ಕಸಾಗರ ದಾಟಿ ಕಮಲಾಪುರದ ಕಡೆಗೆ ಬರುವ ದಾರಿಯುದ್ದಕ್ಕೂ ಬಾಳೆ, ಕಬ್ಬು, ಭತ್ತ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಈ ಸೀಮೆಗೆ ನೀರುಣಿಸುತ್ತಿವೆ. ಇಷ್ಟು ದೂರ ಬಂದು ವಿರೂಪಾಕ್ಷನ ದರ್ಶನ ಮಾಡದೆ ಹೋಗುವುದುಂಟೇ ಎಂದು ಕಮಲಾಪುರದಲ್ಲಿ ಇಳಿದು ಹಂಪಿಗೆ ಹೋದೆವು. ಅಲ್ಲಿ ಹರಿಹರ ಮಹಾಕವಿಯ ನೆನಪಾಗದಿರದು. ಆತನು ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದೂ, ಲೆಕ್ಕದ ಕೊನೆಯಲ್ಲಿ ಹಂಪೆಯ ವಿರೂಪಾಕ್ಷನ ಹೆಸರನ್ನು ಬರೆಯುತ್ತಿದ್ದನೆಂದೂ, ಕಡೆಗೆ ಆ ಕೆಲಸವನ್ನೇ ತೊರೆದು ಇಲ್ಲಿಗೆ ಬಂದು ನೆಲೆಸಿದನೆಂದೂ ಪರಂಪರೆಯ ಕಥೆ. ಲೆಕ್ಕ ಬಲ್ಲವನೇ ಲೆಕ್ಕ ಹಾಕದೆ ಊರು ಬಿಟ್ಟನು! ನಮಗೆ ಅಷ್ಟು ಧೈರ್ಯವಿಲ್ಲ.

ದೇವಾಲಯದ ಮುಂದಿನ ರಥಬೀದಿಯಲ್ಲಿ ಸಾಲುಮಂಟಪಗಳು ಬರಿದಾಗಿ ನಿಂತಿದ್ದವು. ಅಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದ ಕುಟುಂಬಗಳನ್ನು ಸ್ಮಾರಕಗಳ ರಕ್ಷಣೆಗಾಗಿ 2011ರಲ್ಲಿ ತೆರವುಗೊಳಿಸಲಾಯಿತು. ಪುನರ್ವಸತಿಗೆ ಕಡ್ಡಿರಾಂಪುರವನ್ನು ಗೊತ್ತುಮಾಡಲಾಯಿತು. ಪುಸ್ತಕ ಹಿಡಿದು ಊರೂರು ನೋಡಿಬರುವ ವ್ಯವಧಾನ ಅವರಿಗೆಲ್ಲಿತ್ತು ಎಂದು ನಮ್ಮ ಮನೆಯವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಹೊಸಪೇಟೆ ನಮಗೆ ಹೊಸದಲ್ಲ. ಆದರೆ ಸಂತೆಗೆ ಬರುವವರ ಕಣ್ಣೇ ಬೇರೆ, ಬಾಡಿಗೆ ಮನೆ ಹುಡುಕುವವರ ಕಣ್ಣೇ ಬೇರೆ. ಕೃಷ್ಣದೇವರಾಯನು ಕಟ್ಟಿಸಿದ ಈ ನಾಗಲಾಪುರವು 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಕಚೇರಿಗಳು ಬಂದವು, ನೌಕರರು ಬಂದರು, ಬಾಡಿಗೆ ಏರಿತು ಎಂದು ಮನೆ ತೋರಿಸಿದವರು ವಿವರಿಸಿದರು. ಎರಡು ಕೋಣೆ, ಒಂದು ಅಡುಗೆಮನೆಗೆ ತಿಂಗಳಿಗೆ 9,000 ರೂಪಾಯಿ, ಮುಂಗಡ 50,000. ಹಾಲು ಪ್ಯಾಕೆಟ್ಟಿನದು, ಕುಡಿಯುವ ನೀರು ಕ್ಯಾನಿನದು. ಆದರೆ ವೀರಶೈವ ವಿದ್ಯಾವರ್ಧಕ ಸಂಘದ ವಿಜಯನಗರ ಕಾಲೇಜು, ಕೊಟ್ಟೂರುಸ್ವಾಮಿ ಮಠ, ಆಸ್ಪತ್ರೆ, ರೈಲು ನಿಲ್ದಾಣ ಎಲ್ಲವೂ ಊರೊಳಗೇ ಇವೆ.

ಮರುದಿನ ಸಂಡೂರಿಗೆ ಹೋದೆವು. ಬೆಟ್ಟಗಳು ಸುತ್ತುವರಿದ ಈ ಕಣಿವೆಯ ತಂಪು ನಮ್ಮ ಬಯಲು ಸೀಮೆಯವರಿಗೆ ದುರ್ಲಭ. ಅಲ್ಲಿ ಇಂಥದೇ ಮನೆಗೆ 6,000 ರೂಪಾಯಿ ಹೇಳಿದರು. ಸಂತೋಷದಿಂದ ಬರೆದುಕೊಳ್ಳುತ್ತಿರುವಾಗ ಮನೆಯ ಯಜಮಾನಿ ತಾಯಿಯವರು ಒಂದು ಮಾತು ಹೇಳಿದರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಇದೇ ಮನೆಗೆ ಬಹುಕಾಲ ಬೀಗ ಬಿದ್ದಿತ್ತಂತೆ. ಅದಿರಿನ ಲಾರಿಗಳು ಓಡಿದರೆ ಇಲ್ಲಿ ಬಾಡಿಗೆ, ಇಲ್ಲದಿದ್ದರೆ ಬೀಗ. ನಮ್ಮ ಮಗನ ಸಂಬಳವೂ ಅದೇ ಕೆಂಪು ಮಣ್ಣಿನದು. ದುಡಿಮೆ, ವಸತಿ, ಮಗಳ ವಿದ್ಯೆ ಮೂರನ್ನೂ ಒಂದೇ ಬೆಟ್ಟಕ್ಕೆ ಕಟ್ಟಿಹಾಕುವುದು ಜಾಣತನವೇ ಎಂಬ ಸಂಶಯ ಅಲ್ಲಿಂದ ಆರಂಭವಾಯಿತು.

ಬಸ್ಸಿನಲ್ಲಿ ಕುಳಿತು ಕೂಡಿಸಿದೆವು. ಹೊಸಪೇಟೆಯಲ್ಲಿದ್ದರೆ ಬಾಡಿಗೆ 9,000, ಮಗನ ನಿತ್ಯದ ಪ್ರಯಾಣಕ್ಕೆ ಸುಮಾರು 2,000, ಒಟ್ಟು 11,000. ಸಂಡೂರಿನಲ್ಲಿ 6,000 ಮಾತ್ರ, ಏಕೆಂದರೆ 2023ರ ಜೂನ್ 11ರಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಹಣವಿಲ್ಲ. ಮೊಮ್ಮಗಳು ಪುಕ್ಕಟೆಯಾಗಿ ಕಾಲೇಜಿಗೆ ಹೋಗಿಬರಬಹುದು. ಅಂಕಿಗಳ ಪ್ರಕಾರ ಸಂಡೂರೇ ಗೆದ್ದಿತು. ಆದರೆ ಆ ಹುಡುಗಿಯ ದಿನಕ್ಕೆರಡು ಗಂಟೆಗಳನ್ನು ಯಾವ ಕಲಮಿನಲ್ಲಿ ಬರೆಯುವುದು? ಆಗ ನಮ್ಮ ಮನೆಯವರು ಪುಸ್ತಕವನ್ನು ಇಣುಕಿ ನೋಡಿ, "ಅಮಾವಾಸ್ಯಿ ಪ್ರಸಾದದ ಖರ್ಚು ಬರದೇ ಇಲ್ಲಲ್ರೀ?" ಎಂದರು. ನಿಜ. ಕಂಪ್ಲಿಯಲ್ಲಿ ಅಮಾವಾಸ್ಯೆಗೆ ಜಂಗಮರು ಬರುವುದೂ, ನೆಂಟರಿಷ್ಟರು ಪಂಕ್ತಿಯಲ್ಲಿ ಕೂಡುವುದೂ ಖರ್ಚೆಂದು ನಮಗೆ ಎಂದೂ ತೋರಿರಲಿಲ್ಲ. ಅಕ್ಕಿ ಮನೆಯದು, ಅಂಗಳ ಮನೆಯದು. ಬಾಡಿಗೆ ಮನೆಯ ಎರಡು ಕೋಣೆಯಲ್ಲಿ ಎಷ್ಟು ಜನಕ್ಕೆ ಎಡೆ ಮಾಡಲಾದೀತು? ಆದರೂ ದಾಸೋಹವೆಂದು ಹೊಸದೊಂದು ಸಾಲು ಬರೆದು, ಅದಕ್ಕಾಗಿ ಬೇರೆ ಖರ್ಚು ಕಡಿಮೆ ಮಾಡಲು ನಿಶ್ಚಯಿಸಿದೆವು.

ಮನೆಗೆ ಬಂದು ಅವ್ವನ ಮುಂದೆ ಲೆಕ್ಕವನ್ನೆಲ್ಲ ಓದಿದೆವು. ಕೊನೆಯವರೆಗೆ ಕೇಳಿ, "ಅಲ್ಲಿ ಪೂಜಿಗೆ ಪತ್ರಿ ಎಲ್ಲಿ ಸಿಗ್ತದಪ್ಪಾ?" ಎಂದಳು. ಪೇಟೆಯಲ್ಲಿ ಕೊಳ್ಳಬಹುದೆಂದು ಹೇಳಿದೆವು. ಪತ್ರೆಗೆ ದುಡ್ಡು ಕೊಡುವುದೇ ಎಂದು ಆಕೆಗೆ ನಗು ಬಂದಿತು.

ಹೊಸಪೇಟೆಯ ಮನೆಗೆ ಮುಂಗಡ ಕೊಟ್ಟಾಗಿದೆ. ಜೂನ್ ತಿಂಗಳ ಮೊದಲ ವಾರ ಮಗ, ಸೊಸೆ, ಮೊಮ್ಮಗಳು ಹೊರಡುವರು. ಅಕ್ಕಿಯ ಚೀಲಗಳೂ ಹೋಗುವುವು. ಅವ್ವ ಇಲ್ಲಿಯೇ ಉಳಿದರೆ ನಾವೂ ಉಳಿಯಬೇಕು. ಆಗ ಒಲೆ ಎರಡು, ಕರೆಂಟಿನ ಬಿಲ್ಲು ಎರಡು. ಮಾಡಿದ ಲೆಕ್ಕವನ್ನೆಲ್ಲ ಮತ್ತೆ ಮೊದಲಿನಿಂದ ಮಾಡಬೇಕು. ಆಕೆಯ ಮಂಚವನ್ನು ಲಾರಿಗೆ ಏರಿಸುವುದೋ ಬೇಡವೋ ಎಂಬುದು ಇನ್ನೂ ನಿಶ್ಚಯವಾಗಿಲ್ಲ.