ಹಾಡಿನೊಡನೆ ಹೆಸರೂ ಇರಲಿ



ನಮ್ಮ ಶಾಲೆಯ ಸಂಗೀತದ ಕೊಠಡಿಯಲ್ಲಿರುವ ಹಳೆಯ ಹಾರ್ಮೋನಿಯಮನ್ನು ಮರೆತವರು ನಿಮ್ಮಲ್ಲಿ ಯಾರೂ ಇರಲಾರರು. ಅದರ ಮುಂದೆ ನಿಂತು ಸ್ವರ ಕಲಿತವರಲ್ಲಿ ಕೆಲವರು ಈಗ ಸಂಗೀತವನ್ನೇ ವೃತ್ತಿಯಾಗಿ ಮಾಡಿಕೊಂಡಿರುವರು. ಅವರ ಪೈಕಿ ಒಬ್ಬಾಕೆಯ ಸಂಗತಿಯನ್ನು ಆಕೆಯ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತೇವೆ. ಇದರಲ್ಲಿ ನಮ್ಮದೂ ಒಂದು ತಪ್ಪುಂಟು. ಅದನ್ನು ಮರೆಮಾಚುವುದು ಉಪಾಧ್ಯಾಯಿನಿಗೆ ಒಪ್ಪುವ ಕೆಲಸವಲ್ಲ.

2016ನೆಯ ಇಸವಿಯಲ್ಲಿ ಆಕೆ ತನ್ನ ಅಕ್ಕನ ಕೂಸಿಗಾಗಿ ಒಂದು ಜೋಗುಳವನ್ನು ಕಟ್ಟಿದಳು. ಪದವೂ ಆಕೆಯದೇ, ಧಾಟಿಯೂ ಆಕೆಯದೇ, ಕಂಠವೂ ಆಕೆಯದೇ. ಧ್ವನಿಮುದ್ರಣ ಮಾಡುವವರೊಬ್ಬರು ಕೇಳಿ ಮೆಚ್ಚಿ, 5,000 ರೂಪಾಯಿ ಕೊಡುವುದಾಗಿ ಹೇಳಿ ಕರಾರು ಪತ್ರವೊಂದನ್ನು ಮುಂದಿಟ್ಟರು. ಆಕೆ ಅದನ್ನು ನಮ್ಮ ಬಳಿಗೆ ತಂದಳು. ನಾವು ಮೇಲೆ ಮೇಲೆ ಕಣ್ಣಾಡಿಸಿ, "ಹಾಡಿಗೆ ಹಣ ಕೊಡುವವರು ಸಿಕ್ಕುವುದೇ ಅಪೂರ್ವ, ಮಗೂ, ರುಜು ಹಾಕು" ಎಂದೆವು. ಏಳು ವರ್ಷಗಳ ತರುವಾಯ ನೆರೆಮನೆಯ ತೊಟ್ಟಿಲ ಶಾಸ್ತ್ರದಲ್ಲಿ ಆಕೆಯ ಧ್ವನಿಯೇ ಮೊಬೈಲಿನಿಂದ ಕೇಳಿಬಂದಿತು. ಹಾಡಿನ ಕೆಳಗೆ 'ಜನಪದ ಗೀತೆ' ಎಂದಷ್ಟೇ ಬರೆದಿದ್ದಿತು. ಹಾಡಿದವಳ ಹೆಸರೂ ಇರಲಿಲ್ಲ. ಮರುದಿನ ಆಕೆ ನಮ್ಮೆದುರು ಕುಳಿತು, "ಟೀಚರ್, ನಾನು ಬದುಕಿರುವಾಗಲೇ ಜನಪದವಾಗಿಬಿಟ್ಟೆ" ಎಂದು ನಕ್ಕಳು. ಆ ನಗೆಯು ಮುಳ್ಳಿನಂತೆ ನಮ್ಮನ್ನು ಚುಚ್ಚಿತು.

ಅಂದಿನಿಂದ ನಾವೇ ವಿದ್ಯಾರ್ಥಿನಿಯಾಗಿ ಈ ವಿಷಯವನ್ನು ಓದತೊಡಗಿದೆವು. ಹಾಡು ಮನೆಮನೆಗೆ ಹೋಗುವ ವಾಹನವು ಬದಲಾಗುತ್ತಿರುವುದು ಇದೇ ಮೊದಲಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮೊಫೋನಿಗೆ ಹಾಡಿದಾಗ, ತಟ್ಟೆಯ ಮೇಲೆ ಸುಮಾರು ಮೂರು ನಿಮಿಷದ ಗಾನಕ್ಕೆ ಮಾತ್ರವೇ ಸ್ಥಳವಿದ್ದಿತು. ದೀರ್ಘಕಾಲ ಹಾಡುವ ರಾಗವನ್ನು ಅವರು ಅಷ್ಟರಲ್ಲಿಯೇ ಅಡಕಗೊಳಿಸಿದರು. ಆ ತಟ್ಟೆಗಳು ಜರ್ಮನಿಯಲ್ಲಿ ಅಚ್ಚಾಗಬೇಕಾಗಿದ್ದುದರಿಂದ, ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು, ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ನುಡಿದರು. ಹೊಸ ಯಂತ್ರಕ್ಕೆ ಹೊಂದಿಕೊಂಡರು, ಆದರೆ ಹೆಸರನ್ನು ಬಿಡಲಿಲ್ಲ. ನಮಗೆ ಬೇಕಾದ ಪಾಠವೆಲ್ಲ ಇದರಲ್ಲಿಯೇ ಇದೆ.

ಬಳಿಕ ಕ್ಯಾಸೆಟ್ಟು ಬಂದಿತು, ಸೀಡಿ ಬಂದಿತು. 1999ರಲ್ಲಿ ನ್ಯಾಪ್‌ಸ್ಟರ್ ಎಂಬ ಏರ್ಪಾಟಿನಿಂದ ಹಾಡುಗಳು ಕಾಸಿಲ್ಲದೆ ಕೈಯಿಂದ ಕೈಗೆ ಹರಿದಾಡತೊಡಗಿದವು. ತಟ್ಟೆ ಮಾರುವವರ ವ್ಯಾಪಾರ ಕುಸಿಯಿತು. ಈಗ ಹಾಡನ್ನು ಕೊಳ್ಳುವವರು ವಿರಳ. ಚಂದಾ ತೆತ್ತೋ ಜಾಹೀರಾತು ಸಹಿಸಿಯೋ ಅಂತರ್ಜಾಲದಲ್ಲಿ ಕೇಳುವವರೇ ಬಹಳ. 2024ರಲ್ಲಿ ಜಗತ್ತಿನ ಧ್ವನಿಮುದ್ರಿತ ಸಂಗೀತದ ವರಮಾನದಲ್ಲಿ ನೂರಕ್ಕೆ ಸುಮಾರು 69 ಪಾಲು ಈ ಮಾರ್ಗದಿಂದಲೇ ಬಂದಿತು. ಒಟ್ಟು ಹಣವು ಒಂದು ರಾಶಿಯಾಗಿ ಸೇರಿ, ಯಾರ ಹಾಡು ಎಷ್ಟು ಸಲ ಕೇಳಿಸಿತೆಂಬ ಲೆಕ್ಕದ ಮೇಲೆ ಹಂಚಿಕೆಯಾಗುವುದು. ಸ್ಪಾಟಿಫೈ ಸಂಸ್ಥೆಯು 2024ರಿಂದ, ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸದ ಹಾಡಿಗೆ ಏನನ್ನೂ ಕೊಡದಿರುವ ನಿಯಮವನ್ನು ಮಾಡಿತು. ಚಿಕ್ಕ ಗಾಯಕಿಯ ಪಾಡು ಸುಲಭವಲ್ಲ. ಆದರೂ ಹಳ್ಳಿಯ ಹುಡುಗಿಯೊಬ್ಬಳು ಪಟ್ಟಣದ ಯಜಮಾನರ ಬಾಗಿಲು ಕಾಯದೆ ತನ್ನ ಹಾಡನ್ನು ಲೋಕಕ್ಕೆ ಮುಟ್ಟಿಸಬಹುದು. ಇದು ಸಣ್ಣ ಲಾಭವಲ್ಲ.

ಕಾಯಿದೆಯೂ ಆಕೆಯ ಪರವಾಗಿದೆಯೆಂಬುದನ್ನು ನಾವು ತಡವಾಗಿ ಅರಿತೆವು. ಹಕ್ಕುಸ್ವಾಮ್ಯದ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಪದ ಬರೆದವರೂ ರಾಗ ಕಟ್ಟಿದವರೂ ತಮ್ಮ ರಾಯಲ್ಟಿಯ ಪಾಲನ್ನು ಧ್ವನಿಮುದ್ರಣ ಮಾಡಿಸಿದವರಿಗೆ ಬಿಟ್ಟುಕೊಟ್ಟರೂ ಆ ಬಿಟ್ಟುಕೊಡುವಿಕೆಯು ಸಲ್ಲದು. ಹಾಡಿದವರು ತಮ್ಮ ಹೆಸರನ್ನು ಹೇಳಬೇಕೆಂದು ಕೇಳುವ ಹಕ್ಕುಳ್ಳವರು. ಕರಾರಿನಲ್ಲಿ ಅವಧಿಯನ್ನು ಬರೆಯದಿದ್ದರೆ ಅದು ಐದು ವರ್ಷವೆಂದೇ ಎಣಿಕೆ. ನಾವು ಕಣ್ಣಾಡಿಸಿ ಬಿಟ್ಟ ಆ ಪತ್ರದಲ್ಲಿ ಅವಧಿಯೇ ಇರಲಿಲ್ಲ! ವಕೀಲರೊಬ್ಬರು ಅದನ್ನು ತೋರಿಸಿಕೊಟ್ಟಾಗ ನಮಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆದವು. ಈಗ ಜೋಗುಳದ ಕೆಳಗೆ ಆಕೆಯ ಹೆಸರು ಮೂಡಿದೆ. ಹಣದ ಮಾತು ಇನ್ನೂ ನಡೆಯುತ್ತಿದೆ.

ಶ್ರುತಿ ತಪ್ಪದಂತೆ ಹಾಡುವುದನ್ನು ನಾವು ನಿಮಗೆ ಕಲಿಸಿದೆವು. ರುಜು ಹಾಕುವ ಮೊದಲು ಓದುವುದನ್ನು ಕಲಿಸಲಿಲ್ಲ. ಆ ಕೊರತೆಯನ್ನು ತುಂಬಲು ಈಗ ಮೇಲಿನ ತರಗತಿಯ ಸಂಗೀತದ ಪಾಠದಲ್ಲಿ ಕರಾರು ಪತ್ರವೊಂದನ್ನು ಸಾಲು ಸಾಲಾಗಿ ಓದಿಸುತ್ತೇವೆ. ಯಾರ ಹೆಸರು, ಎಷ್ಟು ಕಾಲ, ಎಷ್ಟು ಪಾಲು, ಯಾವ ಯಾವ ಉಪಯೋಗಕ್ಕೆ—ಈ ನಾಲ್ಕು ಪ್ರಶ್ನೆಗಳನ್ನು ಹುಡುಗಿಯರು ಸಪ್ತಸ್ವರದಂತೆ ಬಾಯಿಪಾಠ ಮಾಡಿರುವರು.

ಮಾತಾಪಿತೃಗಳೇ, ನಿಮ್ಮ ಮಗಳು ಹಾಡಿದರೆ ತಡೆಯದಿರಿ. ಪತ್ರವನ್ನು ತಂದರೆ ಆಕೆಯ ಪಕ್ಕದಲ್ಲಿ ಕುಳಿತು ಕೊನೆಯ ಸಾಲಿನವರೆಗೂ ಓದಿರಿ. ನಾವು ಮಾಡಿದಂತೆ ಮಾಡದಿರಿ.