ಸೊನ್ನೆ ಬೈಟಿನ ಫೈಲು

ಊರಿಗೆ ಹೋದಾಗಲೆಲ್ಲ ನಮ್ಮ ಸೋದರಮಾವ ಕೇಳುವ ಪ್ರಶ್ನೆ ಒಂದೇ. "ನೀ ಪುಣೆದಾಗ ಖರೇನ ಏನ್ ಕೆಲಸ ಮಾಡ್ತೀ?" ಪ್ರೋಗ್ರಾಮ್ ಬರೀತೀನಿ ಅಂದಿದ್ದರೆ ಅವರಿಗೂ ಸಮಾಧಾನ, ನನಗೂ ಸುಲಭ. ಆದರೆ ಎಂಸಿಎ ಮುಗಿಸಿ ಪುಣೆಗೆ ಬಂದ ದಿನದಿಂದ ನಾನು ನೋಡಿಕೊಂಡು ಬಂದಿರುವುದು ಸರ್ವರ್, ನೆಟ್‌ವರ್ಕ್ ಮತ್ತು ಹೊಸ ಕಂಪ್ಯೂಟರ್‌ಗಳನ್ನು ಕೆಲಸಕ್ಕೆ ಅಣಿಮಾಡುವುದು. ಡಬ್ಬಿಯಿಂದ ತೆಗೆದ ನೂರು ಯಂತ್ರಗಳಿಗೆ ಒಂದೊಂದಾಗಿ ಪೆನ್‌ಡ್ರೈವ್ ಚುಚ್ಚಿ, ವಿಂಡೋಸ್ ಹಾಕಿ, ಆಮೇಲೆ ಇಪ್ಪತ್ತು ಸಾಫ್ಟ್‌ವೇರ್ ಹಾಕುತ್ತ ಕೂತರೆ ವಾರಗಟ್ಟಲೆ ಬೇಕು. ಅದರ ಬದಲು ಒಂದೇ ಒಂದು ಯಂತ್ರವನ್ನು ಅಚ್ಚುಕಟ್ಟಾಗಿ ಸಿದ್ಧಮಾಡಿ, ಅದರ ಡಿಸ್ಕಿನ ಪಡಿಯಚ್ಚು ತೆಗೆದು ಸರ್ವರ್‌ನಲ್ಲಿ ಇಡುತ್ತೇವೆ. ಉಳಿದವು ಕೇಬಲ್ ಮೂಲಕ ಅದನ್ನು ಇಳಿಸಿಕೊಳ್ಳುತ್ತವೆ. ಇದೇ ಇಮೇಜಿಂಗ್.

ಇಳಿಸಿಕೊಳ್ಳಬೇಕಾದರೆ ಡಿಸ್ಕಿನಲ್ಲಿ ಏನೂ ಇಲ್ಲದ ಯಂತ್ರ ಮೊದಲು ನೆಟ್‌ವರ್ಕ್‌ನಿಂದಲೇ ಎದ್ದು ಕೂರಬೇಕಲ್ಲ? ಅದಕ್ಕಿರುವ ವ್ಯವಸ್ಥೆಯ ಹೆಸರು ಪಿಎಕ್ಸ್‌ಇ. ನಮ್ಮ ಬಾಯಲ್ಲಿ ಅದು 'ಪಿಕ್ಸಿ'. ಇಂಟೆಲ್ ಇದರ 2.1ನೇ ಆವೃತ್ತಿಯ ನಿಯಮಾವಳಿಯನ್ನು ಹೊರತಂದದ್ದು 1999ರಲ್ಲಿ. ಇವತ್ತಿಗೂ ಹೆಚ್ಚುಕಡಿಮೆ ಅದೇ ದಾರಿಯಲ್ಲೇ ನಡೆಯುತ್ತಿದ್ದೇವೆ. ಆ ಹೊತ್ತಿನಲ್ಲಿ ಯಂತ್ರದ ಸ್ಥಿತಿ ಬೆಳಗಿನ ಜಾವ ಪುಣೆ ಸ್ಟೇಷನ್ನಿನಲ್ಲಿ ಇಳಿದ ನಮ್ಮೂರ ಹುಡುಗನದ್ದೇ. ತನ್ನ ಮ್ಯಾಕ್ ವಿಳಾಸವೊಂದು ಬಿಟ್ಟರೆ ಅದಕ್ಕೆ ಏನೂ ಗೊತ್ತಿಲ್ಲ. ಮೊದಲು "ಯಾರರ ಅದೀರೇನ್ರೀ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ ಓಗೊಟ್ಟು ಒಂದು ಐಪಿ ವಿಳಾಸ ಕೊಡುತ್ತದೆ. ಜೊತೆಗೆ ಯಾವ ಸರ್ವರ್ ಹತ್ತಿರ ಹೋಗಬೇಕು, ಅಲ್ಲಿ ಯಾವ ಫೈಲ್ ಕೇಳಬೇಕು ಎನ್ನುವುದನ್ನೂ ಹೇಳುತ್ತದೆ. ಯಂತ್ರ ಅಲ್ಲಿಗೆ ಹೋಗಿ ಟಿಎಫ್‌ಟಿಪಿ ಎಂಬ ಪದ್ಧತಿಯಲ್ಲಿ ಆ ಫೈಲನ್ನು ತಂದು ಓಡಿಸುತ್ತದೆ. ಅಲ್ಲಿಂದ ಮುಂದಿನದ್ದು ಸಲೀಸು.

ಕೆಟ್ಟರೆ ಈ ಹೆಜ್ಜೆಗಳ ನಡುವೆ ಎಲ್ಲೋ ಕೆಡುತ್ತದೆ. ಎಲ್ಲಿ ಎನ್ನುವುದನ್ನು ಯಂತ್ರ ತಾನೇ ಪರದೆಯ ಮೇಲೆ ಬರೆದಿರುತ್ತದೆ. ಜನ ಓದುವುದಿಲ್ಲ. "ಪಿಕ್ಸಿ ಆಗ್ತಾ ಇಲ್ಲ" ಎಂದು ಫೋನ್ ಬರುತ್ತದೆ. ನಾನು ಮೊದಲು ಪರದೆಯ ಫೋಟೊ ಕಳಿಸಿ ಅನ್ನುತ್ತೇನೆ. ಹಳೆಯ ಬಯೋಸ್ ಯಂತ್ರದಲ್ಲಿ ಇ61 ಎಂದಿದ್ದರೆ ಕೇಬಲ್ ನೋಡಬೇಕು. ಇ51, ಅಥವಾ ಹೊಸ ಯುಇಎಫ್‌ಐ ಯಂತ್ರದಲ್ಲಿ ಇ16 ಎಂದಿದ್ದರೆ ಕೂಗಿಗೆ ಯಾರೂ ಓಗೊಟ್ಟಿಲ್ಲ. ಇದಕ್ಕೆ ಸಾಮಾನ್ಯ ಕಾರಣ, ಯಂತ್ರ ಒಂದು ವಿಎಲ್ಯಾನ್‌ನಲ್ಲಿ, ಡಿಎಚ್‌ಸಿಪಿ ಸರ್ವರ್ ಇನ್ನೊಂದರಲ್ಲಿ. ಕೂಗು ರೌಟರ್ ದಾಟುವುದಿಲ್ಲ. ಅದನ್ನು ಆಚೆ ಮುಟ್ಟಿಸಲು ಐಪಿ ಹೆಲ್ಪರ್ ಎಂಬ ಒಂದು ಸಾಲನ್ನು ಆ ವಿಎಲ್ಯಾನ್‌ಗೆ ಬರೆದಿರಬೇಕು. ಇ53 ಎಂದಿದ್ದರೆ ಐಪಿ ಸಿಕ್ಕಿದೆ, ಫೈಲಿನ ಹೆಸರು ಸಿಕ್ಕಿಲ್ಲ. ಹೆಸರು ಸಿಕ್ಕಿ, ಬಯೋಸ್ ಯಂತ್ರಕ್ಕೆ ಕೊಡಬೇಕಾದ ಫೈಲನ್ನು ಯುಇಎಫ್‌ಐ ಯಂತ್ರಕ್ಕೆ ಕೊಟ್ಟರೂ ಕೆಲಸ ನಿಲ್ಲುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದು ಫೈಲಿಗೆ ಸರಿಯಾದ ಸಹಿ ಇಲ್ಲದಿದ್ದರೂ ಅಷ್ಟೇ.

ಈಗಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳಿಗೆ ಕೇಬಲ್ ಚುಚ್ಚುವ ಜಾಗವೇ ಇಲ್ಲದಿರುವುದು ಇನ್ನೊಂದು ಪೀಡೆ. ಒಂದೇ ಯುಎಸ್‌ಬಿ ಡಾಂಗಲ್ಲನ್ನು ಹತ್ತು ಲ್ಯಾಪ್‌ಟಾಪ್‌ಗೆ ಸರದಿಯಲ್ಲಿ ಹಾಕಿದರೆ, ಮ್ಯಾಕ್ ವಿಳಾಸ ಡಾಂಗಲ್ಲಿನದ್ದಾದ್ದರಿಂದ ಹತ್ತೂ ಒಂದೇ ಯಂತ್ರ ಎಂದು ಸರ್ವರ್ ತಿಳಿಯುತ್ತದೆ. ಅದರ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಈಗ ಹೇಳಬೇಕಿರುವುದು ಕಳೆದ ಮಳೆಗಾಲದ್ದು. ನಮ್ಮ ಕಚೇರಿಯ ಐದನೇ ಮಹಡಿಯಲ್ಲಿ ಹೊಸ ಟ್ರೇನಿಂಗ್ ಲ್ಯಾಬ್ ತಯಾರಾಗುತ್ತಿತ್ತು. ತೊಂಬತ್ತು ಡೆಸ್ಕ್‌ಟಾಪ್‌ಗಳು. ಸೋಮವಾರ ಬೆಳಿಗ್ಗೆ ಹೊಸ ಬ್ಯಾಚ್ ಬಂದು ಕೂರಬೇಕು. ಇಮೇಜಿಂಗ್ ಕೆಲಸ ಒಂದು ಗುತ್ತಿಗೆ ಸಂಸ್ಥೆಗೆ. ಅವರು ಕಳಿಸಿದ್ದು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಬ್ಬ ಹುಡುಗನನ್ನು. ಡಿಪ್ಲೊಮಾ ಮಾಡಿದವ, ವಯಸ್ಸು ಇಪ್ಪತ್ಮೂರು. ಮೊದಲ ದಿನ ನನ್ನ ಐಡಿ ಕಾರ್ಡಿನ ಅಡ್ಡಹೆಸರು ನೋಡಿ "ಮೇಡಂ, ನೀವು ಕನ್ನಡದವರೇನ್ರೀ?" ಎಂದು ಕೇಳಿದ. ಹೌದು ಅಂದ ಮೇಲೆ ನಾನು ಮೇಡಂ ಅಲ್ಲ, 'ಅಕ್ಕಾರ'. ಮೂರನೇ ಮಹಡಿಯ ಇಪ್ಪತ್ತನಾಲ್ಕು ಯಂತ್ರಗಳನ್ನು ಒಂದೇ ದಿನದಲ್ಲಿ ಮುಗಿಸಿದ್ದ. ಅಲ್ಲಿ ಬಳಸಿದ್ದು ಫಾಗ್ ಎಂಬ ಉಚಿತ ಇಮೇಜಿಂಗ್ ಸಾಫ್ಟ್‌ವೇರ್, ಒಂದು ಲಿನಕ್ಸ್ ಸರ್ವರ್‌ನಲ್ಲಿ.

ಗುರುವಾರ ಐದನೇ ಮಹಡಿಯಲ್ಲಿ ಒಂದೂ ಏಳಲಿಲ್ಲ. ಪರದೆಯ ಮೇಲೆ ಯಂತ್ರದ ಐಪಿ ಬಂತು, ಸರ್ವರ್‌ನ ಐಪಿ ಬಂತು, ಫೈಲಿನ ಹೆಸರೂ ಬಂತು. ಅದರ ಕೆಳಗೆ: ಫೈಲಿನ ಗಾತ್ರ 0 ಬೈಟ್ಸ್. ಅದರ ಕೆಳಗೆ ಇ18, ಸರ್ವರ್‌ನಿಂದ ಉತ್ತರ ಬಂದಿಲ್ಲ.

ಗುತ್ತಿಗೆ ಸಂಸ್ಥೆಯ ಮ್ಯಾನೇಜರ್ ಆ ಫೋಟೊ ನೋಡಿ ಒಂದೇ ಸಾಲು ಓದಿದರು: ಸೊನ್ನೆ ಬೈಟ್. ಹುಡುಗ ಸರ್ವರ್‌ನಲ್ಲಿ ಫೈಲ್ ಕೆಡಿಸಿ ಖಾಲಿ ಫೈಲ್ ಇಟ್ಟಿದ್ದಾನೆ ಎಂದು ತೀರ್ಮಾನವಾಯಿತು. ಶುಕ್ರವಾರ ಬೆಳಿಗ್ಗೆ ಇಮೇಲ್ ಬಂತು. ತಂತ್ರಜ್ಞನ ತಪ್ಪಿನಿಂದ ವಿಳಂಬವಾಗಿದೆ, ಸೋಮವಾರದಿಂದ ಬದಲಿ ವ್ಯಕ್ತಿಯನ್ನು ಕಳಿಸುತ್ತೇವೆ ಎಂದು. ಹುಡುಗನ ಗುತ್ತಿಗೆ ಆ ತಿಂಗಳ ಕೊನೆಗೆ ನವೀಕರಣವಾಗಬೇಕಿತ್ತು. ಅವನು ನನ್ನ ಡೆಸ್ಕಿನ ಹತ್ತಿರ ಬಂದು ನಿಂತ.

"ಅಕ್ಕಾರ, ಫೈಲ್ ನಾ ಮುಟ್ಟೇ ಇಲ್ರೀ. ಮೂರನೇ ಫ್ಲೋರ್‌ನ್ಯಾಗ ಅದೇ ಫೈಲ್ ನಡದೈತಿ. ಇಲ್ಲಿ ಯಾಕ ಖಾಲಿ ಅಂತ ತೋರಸ್ತೈತಿ?"

ಸರ್ವರ್‌ನಲ್ಲಿ ನೋಡಿದೆವು. ಫೈಲ್ ಅಲ್ಲೇ ಇತ್ತು, ಸುಮಾರು ಒಂದು ಎಂಬಿ. ತಾರೀಖೂ ಹಳೆಯದೇ. ಆ ಸೊನ್ನೆಯ ಅರ್ಥ ಬೇರೆ. ಯಂತ್ರ ಫೈಲ್ ತರುವ ಮೊದಲು ಅದು ಎಷ್ಟು ದೊಡ್ಡದು ಎಂದು ಸರ್ವರನ್ನು ಕೇಳುತ್ತದೆ. ಉತ್ತರ ಬಾರದಿದ್ದರೆ ಅದರ ಬಳಿ ಇರುವ ಅಂಕಿ ಸೊನ್ನೆಯೇ. ಫೈಲ್ ಖಾಲಿ ಎಂದಲ್ಲ, ನನಗೆ ಯಾರೂ ಹೇಳಲಿಲ್ಲ ಎಂದು. ಎರಡನೆಯ ಸಾಲು ಅದನ್ನೇ ಹೇಳುತ್ತಿತ್ತು.

ಇದನ್ನು ಹೇಳಿದರೆ ಮ್ಯಾನೇಜರ್ ಒಪ್ಪಲಿಲ್ಲ. ಮೂರನೇ ಮಹಡಿ ಮುಗಿದ ಮೇಲೆ ಕೆಡಿಸಿ, ಈಗ ಸರಿಮಾಡಿ ತೋರಿಸುತ್ತಿದ್ದಾನೆ ಎಂದರು. ಹುಡುಗ ಒಂದು ಉಪಾಯ ಹೇಳಿದ: ಯಂತ್ರಗಳನ್ನು ಹತ್ತು ಹತ್ತರಂತೆ ಲಿಫ್ಟಿನಲ್ಲಿ ಮೂರನೇ ಮಹಡಿಗೆ ಇಳಿಸಿ, ಇಮೇಜ್ ಹಾಕಿ, ಮತ್ತೆ ಮೇಲೆ ಒಯ್ಯುವುದು. ಎರಡು ರಾತ್ರಿಯ ಕೆಲಸ. ಆಗುತ್ತಿತ್ತು. ಆದರೆ ಆ ಇಮೇಲ್ ಹಾಗೇ ಉಳಿಯುತ್ತಿತ್ತು. "ಬ್ಯಾಡ ತಮ್ಮಾ, ಮೊದಲು ಯಾಕ ಅಂತ ನೋಡೂಣು" ಅಂದೆ.

ನೆಟ್‌ವರ್ಕ್ ತಂಡದವರದ್ದು ಇನ್ನೊಂದು ವಾದ. ಐದನೇ ಮಹಡಿಯನ್ನು ಭದ್ರತೆಗಾಗಿ ಹೊಸ ಫೈರ್‌ವಾಲ್‌ನ ಹಿಂದೆ ಇಟ್ಟಿದ್ದರು. ಟಿಎಫ್‌ಟಿಪಿಗೆ ಬೇಕಾದ್ದು ಯುಡಿಪಿ 69ನೇ ಪೋರ್ಟ್, ಅದನ್ನು ತೆರೆದಿದ್ದೇವೆ ಎಂದರು. ತೆರೆದದ್ದು ನಿಜ. ಸಾಕ್ಷಿಯಾಗಿ ಪ್ಯಾಕೆಟ್ ಕ್ಯಾಪ್ಚರನ್ನೂ ಕಳಿಸಿದರು. ಅದರಲ್ಲಿ ಯಂತ್ರದ ಕೋರಿಕೆ ಒಂದಾದ ಮೇಲೊಂದು ಸರ್ವರ್‌ಗೆ ಹೋಗುತ್ತಿದೆ, ಸರ್ವರ್‌ನಿಂದ ಒಂದೂ ಉತ್ತರವಿಲ್ಲ. ನಿಮ್ಮ ಸರ್ವರ್ ಮಾತಾಡುತ್ತಿಲ್ಲ, ಹುಡುಗನನ್ನು ಕೇಳಿ, ಎಂದರು. ಈಗ ಎರಡೂ ಕಡೆಯವರ ಬೆರಳು ಅವನ ಕಡೆಗೇ.

ಆ ಕ್ಯಾಪ್ಚರನ್ನು ಹತ್ತು ನಿಮಿಷ ನೋಡಿದ ಮೇಲೆ ಕಣ್ಣಿಗೆ ಬಿದ್ದದ್ದು ಅದರ ಫಿಲ್ಟರ್. 'ಪೋರ್ಟ್ 69' ಎಂದು ಹಾಕಿ ಹಿಡಿದಿದ್ದರು. ಟಿಎಫ್‌ಟಿಪಿಯ ವಿಚಿತ್ರವೇ ಇದು. ಕೋರಿಕೆ ಹೋಗುವುದು 69ಕ್ಕೆ, ಆದರೆ ಉತ್ತರ ಬರುವುದು 69ರಿಂದ ಅಲ್ಲ. ಪ್ರತಿ ವರ್ಗಾವಣೆಗೂ ಸರ್ವರ್ ಯಾವುದೋ ಹೊಸ ಪೋರ್ಟ್ ಆರಿಸಿಕೊಂಡು ಅಲ್ಲಿಂದ ಮಾತಾಡುತ್ತದೆ. ಬ್ಯಾಂಕಿನಲ್ಲಿ ಒಂದನೇ ಕೌಂಟರಿಗೆ ಚೀಟಿ ಕೊಟ್ಟರೆ ಹದಿನೇಳನೇ ಕೌಂಟರಿನಿಂದ ಹೆಸರು ಕರೆದ ಹಾಗೆ. ಬರೀ 69 ನೋಡುತ್ತ ಕೂತವರಿಗೆ ಉತ್ತರ ಕಾಣುವುದೇ ಇಲ್ಲ. ಮತ್ತು ಬರೀ 69 ತೆರೆದ ಫೈರ್‌ವಾಲ್‌ಗೂ ಆ ಉತ್ತರ ಯಾರೋ ಅಪರಿಚಿತ ಬಾಗಿಲು ತಟ್ಟಿದಂತೆ ಕಾಣುತ್ತದೆ. ತಾನು ಒಳಗೆ ಬಿಟ್ಟ ಮಾತುಕತೆಗೂ ಇದಕ್ಕೂ ಅದು ಸಂಬಂಧ ಕಲ್ಪಿಸುವುದಿಲ್ಲ. ಬಿಸಾಡುತ್ತದೆ.

ಈ ಪದ್ಧತಿಯನ್ನು ಬೈಯುವುದು ಸುಲಭ. 1981ರಲ್ಲೇ ಬಂದದ್ದು, 1992ರಲ್ಲಿ ತಿದ್ದುಪಡಿಯಾದದ್ದು. ಪಾಸ್‌ವರ್ಡ್ ಇಲ್ಲ, ಫೋಲ್ಡರಿನಲ್ಲಿ ಏನಿದೆ ಎಂದು ಕೇಳುವಂತಿಲ್ಲ. ನೆಟ್‌ವರ್ಕ್ ಕಾರ್ಡಿನ ಸಣ್ಣ ಚಿಪ್ಪಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿರಬೇಕೆಂದೇ ಅದನ್ನು ಆರಿಸಿಕೊಂಡದ್ದು. ಒಂದು ತುಂಡು ಕಳಿಸಿ, ಮುಟ್ಟಿತು ಎಂಬ ಉತ್ತರ ಬಂದ ಮೇಲೆಯೇ ಇನ್ನೊಂದು ತುಂಡು. ಮೂಲ ತುಂಡಿನ ಗಾತ್ರ 512 ಬೈಟ್. 400 ಎಂಬಿಯ ಬೂಟ್ ಇಮೇಜನ್ನು ಹೀಗೆ ಕಳಿಸಿದರೆ ಎಂಟು ಲಕ್ಷಕ್ಕೂ ಮೇಲೆ ತುಂಡುಗಳು. ಹೋಗಿಬರುವುದಕ್ಕೆ ಒಂದು ಮಿಲಿಸೆಕೆಂಡ್ ಎಂದರೂ ಹದಿಮೂರು ನಿಮಿಷ ದಾಟುತ್ತದೆ. ಸರ್ವರ್ ಬೇರೆ ಊರಿನಲ್ಲಿದ್ದು ಇಪ್ಪತ್ತು ಮಿಲಿಸೆಕೆಂಡ್ ಆದರೆ ನಾಲ್ಕೂವರೆ ತಾಸು. "ಲಿಂಕ್ ನೂರು ಎಂಬಿಪಿಎಸ್ ಇದೆಯಲ್ಲ, ಯಾಕೆ ನಿಧಾನ?" ಎಂದು ಕೇಳುವವರಿಗೆ ಈ ಲೆಕ್ಕ ತೋರಿಸಬೇಕು. ತುಂಡನ್ನು 1456 ಬೈಟಿಗೆ ಏರಿಸಿದರೆ ಸಮಯ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 2015ರ ಯುಇಎಫ್‌ಐ 2.5ರಲ್ಲಿ ಎಚ್‌ಟಿಟಿಪಿ ಮೂಲಕವೇ ಏಳುವ ದಾರಿ ಬಂತು. ಅದಾಗಿ ಎಷ್ಟೋ ವರ್ಷವಾದರೂ ನಾನು ಕಂಡ ಕಚೇರಿಗಳಲ್ಲೆಲ್ಲ ಟಿಎಫ್‌ಟಿಪಿಯೇ ನಡೆಯುತ್ತಿದೆ. ಒಮ್ಮೆ ನಡೆದದ್ದನ್ನು ಯಾರೂ ಮುಟ್ಟುವುದಿಲ್ಲ.

ಶುಕ್ರವಾರ ಸಂಜೆ ಹುಡುಗನ ಕೈಯಲ್ಲೇ ಹೊಸ ಕ್ಯಾಪ್ಚರ್ ಮಾಡಿಸಿದೆ. ಸರ್ವರ್‌ನಲ್ಲಿ ಟಿಸಿಪಿಡಂಪ್, ಪೋರ್ಟ್ ನಂಬರ್ ಇಲ್ಲದೆ, ಯಂತ್ರದ ಐಪಿ ಮಾತ್ರ ಹಾಕಿ. ಐದನೇ ಮಹಡಿಯ ಸ್ವಿಚ್ಚಿನಲ್ಲಿ ಯಂತ್ರದ ಪೋರ್ಟಿನ ಪ್ರತಿಯನ್ನು ಒಂದು ಲ್ಯಾಪ್‌ಟಾಪಿಗೆ ಕೊಟ್ಟು ಅಲ್ಲಿ ವೈರ್‌ಶಾರ್ಕ್. ಎರಡೂ ಕಡೆಯ ಗಡಿಯಾರ ಸರಿಹೊಂದಿಸಿಕೊಂಡೆವು. ಯಂತ್ರ ಆನ್ ಮಾಡಿದೆವು.

ಸರ್ವರ್ ಕಡೆ: ಕೋರಿಕೆ ಬಂತು. ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಹೊರಟಿತು, ನಲವತ್ತೊಂದು ಸಾವಿರ ಚಿಲ್ಲರೆಯ ಪೋರ್ಟಿನಿಂದ, ಫೈಲಿನ ಸರಿಯಾದ ಗಾತ್ರ ಹೊತ್ತುಕೊಂಡು. ಅದಕ್ಕೆ ಪ್ರತ್ಯುತ್ತರ ಬಾರದ್ದರಿಂದ ಮತ್ತೆ ಕಳಿಸಿತು, ಮತ್ತೆ ಕಳಿಸಿತು. ಯಂತ್ರದ ಕಡೆ: ಕೋರಿಕೆ, ಕೋರಿಕೆ, ಕೋರಿಕೆ. ಒಂದೂ ಉತ್ತರವಿಲ್ಲ. ಎರಡು ಪರದೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಹುಡುಗ ಬಹಳ ಹೊತ್ತು ನೋಡಿದ. "ಸರ್ವರ್ ಹೇಳಾಕತ್ತೈತ್ರೀ. ನಡುವ ಯಾರೋ ನುಂಗಾಕತ್ತಾರ" ಅಂದ.

ಎರಡೂ ಕ್ಯಾಪ್ಚರ್‌ಗಳನ್ನು, ಸರ್ವರ್‌ನಲ್ಲಿದ್ದ ಫೈಲಿನ ಗಾತ್ರ ಮತ್ತು ತಾರೀಖಿನ ಜೊತೆ, ಆ ಇಮೇಲಿಗೆ ಉತ್ತರವಾಗಿ ಅದರಲ್ಲಿದ್ದ ಎಲ್ಲರಿಗೂ ಕಳಿಸಿದೆ. ಯಾರನ್ನೂ ದೂರಲಿಲ್ಲ. ಯಾವ ಸೆಕೆಂಡಿನಲ್ಲಿ ಯಾವ ಪ್ಯಾಕೆಟ್ ಎಲ್ಲಿಂದ ಹೊರಟಿತು, ಎಲ್ಲಿ ಕಾಣಲಿಲ್ಲ ಎಂಬುದನ್ನು ಮಾತ್ರ ಬರೆದೆ. ನೆಟ್‌ವರ್ಕ್ ತಂಡದಲ್ಲಿ ಫೈರ್‌ವಾಲ್ ನೋಡುವ ಮರಾಠಿ ಗೆಳೆಯ ಸಮಯಗಳನ್ನು ಹಿಡಿದು ತನ್ನ ಲಾಗ್ ತೆಗೆದ. ಅದೇ ಸೆಕೆಂಡಿನಲ್ಲಿ ಬಿಸಾಡಿದ ದಾಖಲೆ ಇತ್ತು. ಇಂಥಲ್ಲಿ ಎರಡು ದಾರಿ. ಸರ್ವರ್ ಉತ್ತರಿಸುವ ಪೋರ್ಟ್‌ಗಳನ್ನು ಒಂದು ಸಣ್ಣ ವ್ಯಾಪ್ತಿಗೆ ಕಟ್ಟಿಹಾಕಿ ಅಷ್ಟನ್ನೇ ತೆರೆಯುವುದು, ಅಥವಾ ಫೈರ್‌ವಾಲ್‌ಗೇ ಟಿಎಫ್‌ಟಿಪಿಯ ಚಾಳಿ ಅರ್ಥವಾಗುವಂತೆ ಅದರ ಪರಿಶೀಲನೆ ಆನ್ ಮಾಡುವುದು. ಅವನು ಎರಡನೆಯದನ್ನು ಆರಿಸಿದ. ಬದಲಾವಣೆಗೆ ಅನುಮತಿ ಸಿಕ್ಕಿದ್ದು ಶನಿವಾರ ರಾತ್ರಿ ಒಂಬತ್ತಕ್ಕೆ.

ಒಂಬತ್ತೂ ಹತ್ತಕ್ಕೆ ಮೊದಲ ಯಂತ್ರ ಎದ್ದಿತು. ಒಮ್ಮೆಗೆ ಹತ್ತು ಯಂತ್ರ, ಸರದಿಗೆ ಅರ್ಧ ತಾಸಿನ ಮೇಲೆ ಸ್ವಲ್ಪ. ಹುಡುಗ ರೂಮಿನಿಂದ ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟಿಕೊಂಡು ಬಂದಿದ್ದ. ನಾನು ಹನ್ನೊಂದಕ್ಕೆ ಮನೆಗೆ ಹೋದೆ. ಬೆಳಗಿನ ಮೂರರ ಸುಮಾರಿಗೆ ತೊಂಬತ್ತೂ ಮುಗಿದವು ಎಂದು ಮೆಸೇಜ್ ಹಾಕಿದ್ದ.

ಗುತ್ತಿಗೆ ಸಂಸ್ಥೆಯಿಂದ ಕ್ಷಮೆಯ ಮಾತು ಬರಲಿಲ್ಲ. ಅಂಥವರಿಂದ ಬರುವುದೂ ಇಲ್ಲ. ಬದಲಿ ವ್ಯಕ್ತಿಯ ಪ್ರಸ್ತಾಪ ಮಾತ್ರ ಅಲ್ಲಿಗೇ ನಿಂತಿತು. ಟಿಕೆಟ್ ಮುಚ್ಚುವಾಗ ಕಾರಣದ ಜಾಗದಲ್ಲಿ 'ತಾಂತ್ರಿಕ ತೊಂದರೆ' ಎಂದಷ್ಟೇ ಬರೆದಿದ್ದರು. ಅದನ್ನು ಮತ್ತೆ ತೆರೆಸಿ, 'ಟಿಎಫ್‌ಟಿಪಿ ಉತ್ತರವನ್ನು ಫೈರ್‌ವಾಲ್ ತಡೆದಿತ್ತು, ಸರ್ವರ್‌ನ ಫೈಲ್ ಸರಿಯಿತ್ತು' ಎಂದು ಬರೆಸಿದೆ. ನವೀಕರಣದ ಹೊತ್ತಿಗೆ ಯಾರಾದರೂ ಓದುವುದಿದ್ದರೆ ಆ ಸಾಲನ್ನೇ ಓದುತ್ತಾರೆ. ಅವನ ಗುತ್ತಿಗೆ ಆರು ತಿಂಗಳಿಗೆ ಮುಂದುವರಿಯಿತು.

ಈಗ ಅವನು ಹೈದರಾಬಾದಿನಲ್ಲಿ ಇನ್ನೊಂದು ಕಡೆ ಇದ್ದಾನೆ, ಸಂಬಳವೂ ಪರವಾಗಿಲ್ಲ. ಆಗಾಗ ಕಪ್ಪು ಪರದೆಯ ಫೋಟೊ ಬರುತ್ತದೆ, ಓದಬೇಕಾದ ಸಾಲಿಗೆ ಕೆಂಪು ಗೆರೆ ಎಳೆದು. ಹೋದ ತಿಂಗಳು ಬಂದದ್ದು ಇ16.

"ಅಕ್ಕಾರ, ಕೇಬಲ್ ನೋಡೀನ್ರೀ, ಲೈಟ್ ಬರಾಕತ್ತೈತಿ. ಐಪಿ ಬರವಲ್ದು. ಇದು ಹೊಸಾ ವಿಎಲ್ಯಾನ್ ಅಂತ. ಹೆಲ್ಪರ್ ಹಾಕಿಲ್ಲ ಅನಸ್ತೈತಿ. ನೆಟ್‌ವರ್ಕ್‌ನವರಿಗೆ ಹೇಳ್ಲೇನ್ರೀ?"

"ಹೇಳು," ಎಂದು ಬರೆದೆ. "ಕ್ಯಾಪ್ಚರ್ ಜೋಡಿ ಹೇಳು."